ಹಜರತಬಿಯ ಹೆಬ್ಬೆರಳು

ಹಜರತಬಿಯ ಎದುರು ಕುಳಿತವರ ಬಟ್ಟೆಗೆ ಗುಟ್ಟು ಎಂಬುದೇ ಇಲ್ಲ. ಮಾತಿನ ನಡುವೆ ಆ ಮುದುಕಿಯ ಹೆಬ್ಬೆರಳು ನಿಮ್ಮ ತೋಳಿನ ಮೇಲೆ, ಶಾಲಿನ ಅಂಚಿನ ಮೇಲೆ ಹರಿದಾಡಿ ಜೋಡಣೆಯನ್ನು ಹುಡುಕುತ್ತದೆ, ಸಿಕ್ಕೊಡನೆ "ಇಲ್ಲೇತಿ ನೋಡ್ರಿ!" ಎಂದು ಕಳ್ಳನನ್ನು ಹಿಡಿದವಳಂತೆ ನಗುತ್ತಾಳೆ. ಇಳಕಲ್ಲಿನ ಸೀರೆಗೆ ಸೆರಗಿನ ರೇಷ್ಮೆ ಹಾಸು, ಅಂದರೆ ಮಗ್ಗಕ್ಕೆ ಬಿಗಿಯುವ ಉದ್ದನೆಯ ಎಳೆಗಳು, ಬೇರೆ, ಮೈಯ ಹತ್ತಿ ಹಾಸು ಬೇರೆ. ಎರಡನ್ನೂ ಎಳೆಗೆಳೆ ಕೊಂಡಿ ಹಾಕಿ ಕೂಡಿಸುವುದು ಐವತ್ತು ವರ್ಷಗಳಿಂದ ಆಕೆಯ ಕಸುಬು. ಅದಾಗದೆ ಮಗ್ಗದಲ್ಲಿ ನೇಯ್ಗೆ ಶುರುವಾಗದು.

ಪರದೇಶದ ನೆರವಿನಿಂದ ಬಡದೇಶಗಳು ಬೆಳೆಯುತ್ತವೆಯೇ ಎಂಬ ಪ್ರಶ್ನೆಯನ್ನು ಹುನಗುಂದದ ಕಾಲೇಜೊಂದರಲ್ಲಿ ಇಪ್ಪತ್ತು ವರ್ಷ ಬೋಧಿಸಿದ ನನಗೆ, ನಿಜ ಹೇಳಬೇಕೆಂದರೆ, ಉತ್ತರ ಗೊತ್ತಿಲ್ಲ. ಕಡೆಗೆ ಆ ನೆರವು ಇಳಕಲ್ಲಿನ ನಮ್ಮ ಓಣಿಗೇ ಬಂತು: ಹತ್ತು ಹೊಸ ಮಗ್ಗ, ತಗಡಿನ ಶೆಡ್ಡು, ಮಗ್ಗಕ್ಕಿಂತ ದೊಡ್ಡದೊಂದು ಫಲಕ. ಕೊಂಡಿ ಹಾಕುವ ಹೆಂಗಸರ ನೆನಪು ಮಾತ್ರ ಯಾರಿಗೂ ಆಗಿರಲಿಲ್ಲ. ಹಳೆಯ ಮಗ್ಗಗಳಿಗೇ ಪೂರೈಸಲಾರದ ಅವರು ಹೊಸ ಮಗ್ಗಗಳಿಗೆ ಎಲ್ಲಿಂದ ಒದಗಿಯಾರು? ಶೆಡ್ಡು ವಾರಕ್ಕೆ ನಾಲ್ಕು ದಿನ ಬಿಕೋ ಎನ್ನುತ್ತಿತ್ತು. ಅಲ್ಲಿ ಸುಮ್ಮನೆ ನಿಂತ ಮಗ್ಗಗಳಲ್ಲಿ ಒಂದು ಹಜರತಬಿಯ ಸೊಸೆ ತಬಸುಮಳದು.

ನೆರವು ಮುಂದುವರಿಸಬೇಕೋ ಬೇಡವೋ ಎಂದು ನೋಡಲು, ಅದನ್ನು ಕೊಟ್ಟ ಸಂಸ್ಥೆಯಿಂದ ಅನುರಾಧಾ ಎಂಬ ಅಧಿಕಾರಿ ಬಂದರು. "ಭಾಳ ಚಲೋ ಆಗೇತಿ" ಎನ್ನಬೇಕೆಂದು ಓಣಿಗೆ ಓಣಿಯೇ ನಿಶ್ಚಯಿಸಿತ್ತು. ತಬಸುಮ ಅತ್ತೆಯ ಗದ್ದ ಹಿಡಿದು ಬೇಡಿಕೊಂಡಿದ್ದಳು. ಅಧಿಕಾರಿಯ ಹಾಳೆಯಲ್ಲಿದ್ದದ್ದು ಎರಡೇ ಚೌಕ, ಹೌದು ಮತ್ತು ಇಲ್ಲ.

"ನೆರವಿನಿಂದ ಅನುಕೂಲ ಆತೇನ್ರಿ?"

ಹಜರತಬಿಯ ಹೆಬ್ಬೆರಳು ಆಗಲೇ ಅನುರಾಧಾರ ದುಪಟ್ಟಾದ ಮೇಲಿತ್ತು. "ಮೊದಲ ಇಲ್ಲಿ ಕುಂದರ್ರಿ ಮೇಡಮ್ಮಾರ. ಹತ್ತ ಎಳಿ ಕೂಡಿಸ್ರಿ. ಆಮ್ಯಾಲೆ ಹೇಳ್ತೇನಿ."

ಅರ್ಧ ತಾಸಿನಲ್ಲಿ ಏಳು ಎಳೆ ಹರಿದವು. ಬೆವರೊರೆಸಿಕೊಳ್ಳುತ್ತ ಅನುರಾಧಾ ಕೇಳಿದರು: "ಈ ಕೆಲಸ ಎಷ್ಟ ಮಂದಿ ಮಾಡ್ತೀರಿ?"

"ಇದನ್ನ ಮಗ್ಗ ಕೊಡೂಕಿಂತ ಮೊದಲ ಕೇಳಬೇಕಿತ್ತಲ್ರಿ!"

ಎರಡೂ ಚೌಕಗಳು ಖಾಲಿ ಉಳಿದವು. ಬಂದ ಭಾಗ್ಯವನ್ನು ಕಾಲಿಂದ ಒದ್ದಳೆಂದು ತಬಸುಮ ಎರಡು ದಿನ ಅತ್ತೆಯೊಡನೆ ಮಾತು ಬಿಟ್ಟಳು. ನನಗೂ ಸಿಟ್ಟು ಬಂದಿತ್ತು, ಸುಳ್ಳೇಕೆ ಹೇಳಲಿ.

ಮೂರು ತಿಂಗಳಾದ ಮೇಲೆ ಬಂದದ್ದು ಹಣವಲ್ಲ, ಅನುರಾಧಾರ ಕಡೆಯಿಂದ ಒಂದು ಕಾಗದ. ಊರಲ್ಲಿ ಕೊಂಡಿ ಹಾಕುವವರು ಎಷ್ಟು ಜನ, ಹೊಸಬರಿಗೆ ಕಲಿಸಲು ಏನೇನು ಬೇಕು ಎಂದು ಅದರಲ್ಲಿ ಕೇಳಿದ್ದರು. ತಬಸುಮ ಎರಡು ಸಲ ಓದಿ ಹೇಳಿದಳು. ಹಜರತಬಿ ಕಾಗದದ ಮಡಿಕೆಯ ಮೇಲೆ ಹೆಬ್ಬೆರಳಾಡಿಸಿ, "ಕೇಳಾಕ ಕಲ್ತಾರ ನೋಡವಾ" ಎಂದಳು.

ಕೊಡುವ ಕೈ ಕಂಡರೆ ಕೈಮುಗಿಯುವವರನ್ನೂ, ಅದನ್ನು ಕೊಡವಿ ಎದ್ದು ಹೋಗುವವರನ್ನೂ ನಾನು ಬೇಕಾದಷ್ಟು ನೋಡಿದ್ದೇನೆ. ಅದೇ ಕೈಯನ್ನು ಹಿಡಿದೆಳೆದು, ಪಕ್ಕದಲ್ಲಿ ಕೂರಿಸಿಕೊಂಡು, ಎಳೆ ಹಿಡಿಯುವುದನ್ನು ಕಲಿಸುವವರು ವಿರಳ. ಅಂಥವರಿದ್ದಲ್ಲಿ ಮೊದಲ ನೆರವು ದೊರೆಯುವುದು ಕೊಡಲು ಬಂದವರಿಗೆ.