ಹೊಸ ಮಾಡಲ್ ಬರುವ ಮೊದಲು

ನಂಜನಗೂಡಿನ ಪದವಿಪೂರ್ವ ಕಾಲೇಜಿನಲ್ಲಿ ಗುಮಾಸ್ತನಾಗಿದ್ದ ಜಗನ್‌ಗೆ ಕಾಯುವುದೆಂದರೆ ಒಂದು ಬಗೆಯ ಸುಖ. ಅಂಗಡಿಗೆ ಹೋಗಿ ವಸ್ತುವೊಂದನ್ನು ಕೊಂಡು ತರುವುದಕ್ಕಿಂತ, ಅದರ ಮುಂದಿನದು ಹೇಗಿರಬಹುದು ಎಂದು ಲೆಕ್ಕ ಹಾಕುತ್ತ ಕೂರುವುದೇ ಅವನಿಗೆ ಹೆಚ್ಚು ಹಿಡಿಸುತ್ತಿತ್ತು. ಅವನ ಮನೆಗೆ ಕಲರ್ ಟಿವಿ ಬಂದದ್ದು ಬೀದಿಯವರೆಲ್ಲರ ಮನೆಗೂ ಬಂದಾದ ಮೇಲೆ. ಬಟನ್ ಒತ್ತಿದರೆ ಸ್ಟಾರ್ಟ್ ಆಗುವ ಸ್ಕೂಟರು ಬರಲಿ ಎಂದು ಅವನು ಕಾದಷ್ಟು ಕಾಲವೂ ಹೆಂಡತಿ ಕೋಮಲ ದೇವನೂರಿನ ಶಾಲೆಗೆ ಬಸ್ಸಿನಲ್ಲೇ ಜೋತುಬಿದ್ದು ಹೋಗಿ ಪಾಠ ಮಾಡಿ ಬಂದಳು. ಅವಳು ಅದನ್ನೆಂದೂ ಆಡಿ ತೋರಿಸಿದವಳಲ್ಲ. ಆದರೆ 2006ರ ಮಳೆಗಾಲದಲ್ಲಿ ಅವನು ಲ್ಯಾಪ್‌ಟಾಪಿಗಾಗಿ ಕಾಯತೊಡಗಿದಾಗ ಮಾತ್ರ ಒಂದು ಮಾತು ಆಡಿದಳು.

ಆ ಲ್ಯಾಪ್‌ಟಾಪ್ ಅವನಿಗೆ ಏಕೆ ಬೇಕಾಗಿತ್ತು ಎಂದು ಹೇಳಬೇಕಾದರೆ ಹದಿನೈದು ವರ್ಷ ಹಿಂದಕ್ಕೆ ಹೋಗಬೇಕು.

ಅಂಬೇಡ್ಕರ್ ಅವರ ನೂರನೇ ಜಯಂತಿಯ ವರ್ಷ ತಿ. ನರಸೀಪುರದಲ್ಲಿ ಹುಡುಗರೆಲ್ಲ ಸೇರಿ ಒಂದು ಆರ್ಕೆಸ್ಟ್ರಾ ಕಟ್ಟಿದರು. ಹೊಳೆಗಳು ಕೂಡುವ ಊರಾದ್ದರಿಂದ ಅದಕ್ಕೆ 'ಸಂಗಮ ಮೆಲೋಡೀಸ್' ಎಂದು ಹೆಸರಿಟ್ಟರು. ಆಗತಾನೆ ಡಿಗ್ರಿ ಮುಗಿಸಿದ್ದ ಜಗನ್ ಕೀಬೋರ್ಡ್ ನುಡಿಸುತ್ತಿದ್ದ. ಮೂಗೂರಿನಿಂದ ಸೈಕಲ್ಲಿನ ಹಿಂದೆ ಡೋಲಕ್ ಕಟ್ಟಿಕೊಂಡು ಚೆಲುವಯ್ಯ ಬರುತ್ತಿದ್ದ. ಬಸ್ ಸ್ಟ್ಯಾಂಡಿನ ಪಕ್ಕ ಟೈಲರ್ ಅಂಗಡಿ ಇಟ್ಟಿದ್ದ ಬೆಟ್ಟಸ್ವಾಮಿ ಎಲ್ಲರಿಗಿಂತ ಹಿರಿಯ. ಹಾಡು ಕಟ್ಟುತ್ತಿದ್ದವನು ಅವನೇ. ಬಟ್ಟೆಯ ಅಳತೆಗೆಂದು ಕತ್ತರಿಸಿದ ಕಂದು ಕಾಗದದ ಚೂರುಗಳ ಮೇಲೆ ಸಾಲು ಗೀಚಿ, ಜಗನ್ ಬಂದಾಗ ಅವಕ್ಕೆ ಚುಚ್ಚಿದ ಸೂಜಿಯ ಸಮೇತ ಕೈಗೆ ಕೊಡುತ್ತಿದ್ದ. ಹಾಡುತ್ತಿದ್ದವಳು ಕೋಮಲ. ಆಗ ಅವಳು ಟೀಚರಾಗಲು ಟಿಸಿಎಚ್ ಓದುತ್ತಿದ್ದಳು. ಎರಡು ಜಡೆ ಹಾಕಿಕೊಂಡು, ಮೈಕಿನ ಮುಂದೆ ಕಣ್ಣು ಮುಚ್ಚಿ ನಿಂತರೆ ಗದ್ದಲ ಮಾಡುವವರೂ ಸುಮ್ಮನಾಗುತ್ತಿದ್ದರು.

ಜಯಂತಿ, ಗಣೇಶ, ರಾಜ್ಯೋತ್ಸವ, ಮದುವೆ ಎಂದು ಏಳು ವರ್ಷ ಅವರು ಸುತ್ತದ ಹಳ್ಳಿ ಇರಲಿಲ್ಲ. ಟ್ರ್ಯಾಕ್ಟರಿನ ಟ್ರೇಲರ್ ಮೇಲೆ ಸ್ಟೇಜು. ಅದಕ್ಕೆ ಯಾರದೋ ಮನೆಯ ಜಮಖಾನ. ಜನ ಮೊದಲು ಸಿನಿಮಾ ಹಾಡು ಕೇಳುತ್ತಿದ್ದರು. ಅವರ ಆಸೆ ತೀರಿದ ಮೇಲೆ, ಮುಂದಿನ ಸಾಲಿನಲ್ಲಿ ಕೂತ ಹೆಂಗಸರಲ್ಲಿ ಯಾರಾದರೊಬ್ಬರು, "ನಿಮ್ದೇ ಒಂದ್ ಏಳಮ್ಮಿ" ಎನ್ನುತ್ತಿದ್ದರು. ಆಗ ಕೋಮಲ ಬೆಟ್ಟಸ್ವಾಮಿಯ ಹಾಡು ಎತ್ತಿಕೊಳ್ಳುತ್ತಿದ್ದಳು:

ಹೊಳೆಯೆರಡು ಕೂಡೋ ತಾವ ನಿನ್ನ ನೆರಳ ಕಂಡೆ
ಯಾವ ನೀರು ಒಯ್ತು ಅಂತ ಕೇಳ್ತಾ ಕೇಳ್ತಾ ನಿಂತೆ

ಅಂಥವು ಹತ್ತು ಹನ್ನೆರಡು ಹಾಡುಗಳಿದ್ದವು. ಒಂದೂ ಎಲ್ಲೂ ದಾಖಲಾಗಿರಲಿಲ್ಲ. ಮೈಸೂರಿನ ಸ್ಟುಡಿಯೋದವನೊಬ್ಬ ಇವರ ಕಾರ್ಯಕ್ರಮ ಕೇಳಿ, ಬನ್ನಿ, ಕ್ಯಾಸೆಟ್ ಮಾಡೋಣ ಎಂದು ತಾನಾಗಿಯೇ ಕರೆದಿದ್ದ. ಎಲ್ಲರೂ ಹೊರಟು ನಿಂತಿದ್ದರು. ಜಗನ್‌ನೇ ತಡೆದ. ಪಿಟೀಲಿನ ದನಿಯನ್ನು ಪಿಟೀಲಿನಂತೆಯೇ ನುಡಿಸುವ ಹೊಸ ಕೀಬೋರ್ಡ್ ಬೆಂಗಳೂರಿಗೆ ಬರುತ್ತದಂತೆ, ಅದು ಬರಲಿ ಎಂದ. ಅದು ಬಂತು ಕೂಡ. ಅಷ್ಟರಲ್ಲಿ ಸ್ಟುಡಿಯೋ ಮುಚ್ಚಿ ಅಲ್ಲಿ ಕಂಪ್ಯೂಟರ್ ಕಲಿಸುವ ಕ್ಲಾಸು ಶುರುವಾಗಿತ್ತು. ಜಗನ್‌ಗೂ ಕೋಮಲಳಿಗೂ ಮದುವೆಯಾಯಿತು, ಇಬ್ಬರಿಗೂ ಕೆಲಸ ಸಿಕ್ಕಿತು, ನಂಜನಗೂಡಿನಲ್ಲಿ ಮನೆ ಹಿಡಿದರು. ಚೆಲುವಯ್ಯನ ಅಪ್ಪ ತೀರಿಕೊಂಡು ಹಿಪ್ಪುನೇರಳೆ ತೋಟ, ರೇಷ್ಮೆಹುಳು ಎಲ್ಲ ಅವನ ತಲೆಗೆ ಬಂತು. ಆರ್ಕೆಸ್ಟ್ರಾ ನಿಂತಿತೆಂದು ಯಾರೂ ಹೇಳಲಿಲ್ಲ. ಮುಂದಿನ ಕಾರ್ಯಕ್ರಮ ಯಾವಾಗ ಎಂದು ಕೇಳುವುದು ಬಿಟ್ಟುಹೋಯಿತು, ಅಷ್ಟೆ.

ಹೀಗಿರುವಾಗ ಜಗನ್ ಒಂದು ದಿನ ಮೈಸೂರಿನ ಅಂಗಡಿಯಲ್ಲಿ ಆ ಲ್ಯಾಪ್‌ಟಾಪನ್ನು ನೋಡಿದ. ಬೆಳ್ಳಿಯ ಬಣ್ಣದ, ತೆಳ್ಳನೆಯ ಅಮೆರಿಕದ ಮಾಲು. ಅಂಗಡಿಯ ಹುಡುಗ ಒಬ್ಬನೇ ಕೂತು ಗಿಟಾರ್ ನುಡಿಸಿ ಅದರೊಳಗೆ ತುಂಬಿಸಿದ. ಅದರ ಮೇಲೆ ಹಾಡು, ಹಾಡಿನ ಮೇಲೆ ಇನ್ನೊಂದು ದನಿ. ಒಂದು ಸ್ಟುಡಿಯೋ ಮಾಡುವ ಕೆಲಸವೆಲ್ಲ ಮಡಿಲಲ್ಲಿ ನಡೆಯಿತು. ಜಗನ್ ಬಸ್ಸಿನಲ್ಲಿ ಮನೆಗೆ ಬರುವಷ್ಟರಲ್ಲಿ ಹನ್ನೆರಡು ಹಾಡನ್ನೂ ತಲೆಯೊಳಗೇ ರೆಕಾರ್ಡ್ ಮಾಡಿ ಮುಗಿಸಿದ್ದ. ಬೆಲೆ ಲಕ್ಷ ರೂಪಾಯಿ. ಆದರೂ ಪಿಎಫ್ ಸಾಲಕ್ಕೆ ಅರ್ಜಿ ಹಾಕಿದ. ಕೋಮಲ, "ತಕೊಳ್ಳಿ, ನಿಮಗಾದ್ರೂ ಇನ್ನೇನ್ ಚಟ ಅದೆ" ಎಂದಳು. ಮೂಗೂರಿನಿಂದ ಚೆಲುವಯ್ಯ ಫೋನ್ ಮಾಡಿ, ಡೋಲಕ್ಕಿಗೆ ಹೊಸ ಚರ್ಮ ಹಾಕಿಸುತ್ತಿದ್ದೇನೆಂದ.

ಹಣ ಕೈಗೆ ಬರುವ ಹೊತ್ತಿಗೆ ಜಗನ್‌ಗೆ ಹಳೆಯ ಕಾಯಿಲೆ ಹತ್ತಿಕೊಂಡಿತ್ತು. ಕಾಲೇಜು ಬಿಟ್ಟ ಮೇಲೆ ದಿನವೂ ಬಜಾರಿನ ಸೈಬರ್ ಸೆಂಟರಿನಲ್ಲಿ ಕೂರುವುದು, ಆ ಲ್ಯಾಪ್‌ಟಾಪಿನ ವಿಷಯ ಬರೆದದ್ದನ್ನೆಲ್ಲ ಓದುವುದು. ಇದರೊಳಗಿನ ಚಿಪ್ ಹಳೆಯದಾಯಿತು, ಹೊಸದು ಬರುವುದರಲ್ಲಿದೆ, ಬುದ್ಧಿವಂತರು ಈಗ ಕೊಳ್ಳುವುದಿಲ್ಲ ಎಂದು ಕಂಡರಿಯದ ದೇಶದ ಜನ ಬರೆದಿದ್ದರು. ಅವರು ಯಾರೋ ಏನೋ, ಜಗನ್‌ಗೆ ಮಾತ್ರ ತನ್ನ ಜಾತಿಯವರೇ ಸಿಕ್ಕಿದಷ್ಟು ಸಮಾಧಾನವಾಯಿತು.

ಅದೇ ದಿನಗಳಲ್ಲಿ ಕೋಮಲಳ ಕುತ್ತಿಗೆಯಲ್ಲಿ ಒಂದು ಗಡ್ಡೆ ಕಂಡಿತು. ಮೈಸೂರಿನ ಡಾಕ್ಟರು ಪರೀಕ್ಷೆ ಮಾಡಿ, ಥೈರಾಯ್ಡ್, ಹೆದರುವಂಥದ್ದೇನಲ್ಲ, ಆದರೆ ತೆಗೆಸಿಬಿಡಿ ಎಂದರು. ಶಾಲೆಗೆ ತೊಂದರೆಯಾಗದಿರಲೆಂದು ದಸರಾ ರಜೆಗೆ ಆಪರೇಷನ್ ಗೊತ್ತುಮಾಡಿಕೊಂಡರು. ಹೊರಡುವಾಗ ಡಾಕ್ಟರು, "ಮಾತಾಡಿಸೋ ನರ ಅಲ್ಲೇ ಪಕ್ಕದಲ್ಲಿ ಹೋಗತ್ತೆ. ಎಚ್ಚರಿಕೆಯಿಂದಲೇ ಮಾಡ್ತೀವಿ. ಆದ್ರೂ ಕೆಲವರಿಗೆ ಆಮೇಲೆ ದನಿ ಸ್ವಲ್ಪ ಒರಟಾಗತ್ತೆ. ಮೊದಲೇ ಹೇಳಿರ್ತೀನಿ" ಎಂದಿದ್ದರು. ಜಗನ್ ಕೇಳಿಸಿಕೊಂಡಿದ್ದ. ಖರ್ಚಿಗೆ ಹಣ ಬೇರೆ ತೆಗೆದಿಟ್ಟ, ರಜೆ ಬರೆದುಕೊಟ್ಟ.

ಒಂದು ಸಂಜೆ ಕೋಮಲ ಅಡುಗೆಮನೆಯ ಬಾಗಿಲಲ್ಲಿ ಕೂತು ಹುರುಳಿಕಾಯಿ ಸೋಸುತ್ತಿದ್ದಳು. ಜಗನ್ ಸೈಬರ್ ಸೆಂಟರಿನಿಂದ ಬಂದವನು ಉತ್ಸಾಹದಲ್ಲಿದ್ದ.

"ದೀಪಾವಳಿ ಒತ್ಗೆ ಹೊಸಾದು ಗ್ಯಾರಂಟಿ ಬತ್ತದಂತೆ ಕಣೆ. ಇದೇ ರೇಟಿಗೆ. ಈಗ ತಕೊಂಡ್ರೆ ಮೂರು ತಿಂಗಳಿಗೇ ಅಳೇದಾಗೋಯ್ತದೆ."

"ನನ್ನ ಆಪರೇಷನ್ ದಸರಾಕ್ಕಲ್ವಾ?"

"ಅದ್ಕೆ ದುಡ್ಡು ಬ್ಯಾರೆ ಇಟ್ಟಿವ್ನಲ್ಲ."

"ದುಡ್ಡಿನ ಮಾತಾಡ್ಲಿಲ್ಲ ಕಣ್ರೀ ನಾನು." ಅವಳು ಕಾಯಿಯ ನಾರು ಎಳೆಯುತ್ತಲೇ ಹೇಳಿದಳು. "ಕಂಪ್ಯೂಟ್ರಿಗೆ ಹೊಸ ಮಾಡಲ್ ಬತ್ತದೆ. ನನ್ ಗಂಟ್ಲಿಗೆ ಬತ್ತದಾ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಶಾಲೆಯಲ್ಲಿ ಮಗ್ಗಿ ಕೇಳುವಂತೆ ಕೇಳಿದಳು. ಡಾಕ್ಟರ ಮಾತು ಒಂದು ಕಡೆ, ಹಾಡು ಇನ್ನೊಂದು ಕಡೆ ಜಗನ್‌ನ ತಲೆಯಲ್ಲಿ ಇದ್ದೇ ಇದ್ದವು. ಎರಡೂ ಒಂದೇ ಗಂಟಲಿನ ವಿಷಯ ಎಂಬುದು ಈವರೆಗೆ ಹೊಳೆದಿರಲಿಲ್ಲ. ಅವನು ಅವಳ ಪಕ್ಕದಲ್ಲಿ ಕೂತು ತಾನೂ ಒಂದು ಹಿಡಿ ಹುರುಳಿಕಾಯಿ ತೆಗೆದುಕೊಂಡ.

ಶನಿವಾರ ಮಧ್ಯಾಹ್ನ ಮೈಸೂರಿಗೆ ಹೋದ. ಅಂಗಡಿಯ ಹುಡುಗ ಒಳ್ಳೆಯವನು. "ಸರ್, ನಿಜ ಹೇಳ್ಬೇಕು ಅಂದ್ರೆ, ಆಗೋ ಹಾಗಿದ್ರೆ ಸ್ವಲ್ಪ ಕಾಯಿರಿ. ಹೊಸದು ಬರತ್ತೆ" ಎಂದುಬಿಟ್ಟ. ಮನಸ್ಸು ಗಟ್ಟಿಮಾಡಿಕೊಂಡು ಬಂದಿದ್ದ ಜಗನ್ ಮತ್ತೆ ಅಲ್ಲಾಡಿಹೋದ. ಒಂದು ಕಾಫಿ ಕುಡಿದು ಬರುತ್ತೇನೆಂದು ಹೊರಗೆ ಬಂದು, ಬೀಡಾ ಅಂಗಡಿಯ ಕಾಯಿನ್ ಫೋನಿನಿಂದ ಚೆಲುವಯ್ಯನಿಗೆ ಫೋನ್ ಮಾಡಿದ.

"ಲೇ ಜಗ, ನಾನೇ ಮಾಡವಾ ಅನ್ಕಂಡಿದ್ದೆ ಕಣ್ಲಾ," ಎಂದ ಚೆಲುವಯ್ಯ. "ನೆನ್ನೆ ರೇಷ್ಮೆಗೂಡು ಮಾರ್ಬುಟ್ಟು ಬಂದೆ. ಉಳಿನ ಮನೆ ಕಾಲಿ ಅದೆ, ಅಲ್ಲೇ ರೆಕಾರ್ಡ್ ಮಾಡವಾ. ಮುಂದ್ಲ ಬೆಳೆ ಇಕ್ಕೋಗಂಟ ನಮ್ದೇ. ಆಮೇಲೆ ಅಲ್ಲಿ ಕೆಮ್ಮಕ್ಕೂ ಬುಡಕಿಲ್ಲ."

ಜಗನ್ ಅಂಗಡಿಯವನು ಹೇಳಿದ್ದನ್ನು ವಿವರಿಸಿದ.

"ಆ ಹೊಸಾದ್ರಲ್ಲಿ ನನ್ ಡೋಲಕ್ಕು ಇನ್ನೂ ಚೆನ್ನಾಗಿ ಕೇಳ್ತದ?"

ಜಗನ್ ಯೋಚಿಸಿ, ಸುಳ್ಳು ಹೇಳಲಾಗದೆ, "ಇಲ್ಲ ಕಣ್ಲಾ. ಕೇಳಾದೆಲ್ಲ ಒಂದೇ. ಕೆಲ್ಸ ಬೇಗ ಆಯ್ತದೆ" ಎಂದ.

"ನಮಗ್ಯಾಕ್ಲಾ ಬೇಗ? ಇಷ್ಟ್ ವರ್ಸ ಸುಮ್ನೆ ಕುಂತಿಲ್ವಾ" ಎಂದು ಚೆಲುವಯ್ಯ ಜೋರಾಗಿ ನಕ್ಕ. ಆ ನಗು ಕೇಳಿ ಜಗನ್‌ಗೂ ನಗು ಬಂತು. ಕಾಫಿ ಕುಡಿಯದೆಯೇ ವಾಪಸು ಹೋಗಿ, ಲ್ಯಾಪ್‌ಟಾಪನ್ನೂ ಅದಕ್ಕೆ ಮೈಕ್ ಸಿಕ್ಕಿಸುವ ಪುಟ್ಟ ಪೆಟ್ಟಿಗೆಯನ್ನೂ ಕೊಂಡ. ಬಸ್ಸಿನಲ್ಲಿ ಅದನ್ನು ಕೂಸಿನಂತೆ ಎದೆಗವಚಿಕೊಂಡು ಬಂದ.

ಮುಂದಿನ ಭಾನುವಾರ ನಾಲ್ವರೂ ಮೂಗೂರಿನಲ್ಲಿ ಸೇರಿದರು. ಹುಳು ಸಾಕುವ ಆ ಉದ್ದನೆಯ ಮನೆಯನ್ನು ಚೆಲುವಯ್ಯ ತೊಳೆದು ಬಿಟ್ಟಿದ್ದ. ಬ್ಲೀಚಿಂಗ್ ಪೌಡರಿನ ವಾಸನೆಯ ಅಡಿಯಲ್ಲಿ ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ ಇನ್ನೂ ಇತ್ತು. ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳನ್ನು ಗೋಡೆಯುದ್ದಕ್ಕೂ ನಿಲ್ಲಿಸಿ, ಕಿಟಕಿಗೆ ಗೋಣಿತಾಟು ಹೊದಿಸಿದರು. ಜಗನ್ ಚಪ್ಪಾಳೆ ತಟ್ಟಿ ನೋಡಿದ. ಸದ್ದು ಎಲ್ಲೂ ಗುಂಯ್‌ಗುಡದೆ ಅಲ್ಲೇ ಇಂಗಿತು. ತಲೆಯೆಲ್ಲ ನೆರೆತಿದ್ದ ಬೆಟ್ಟಸ್ವಾಮಿ ಒಂದು ಮಣೆಯ ಮೇಲೆ ಕೂತ. ಚೆಲುವಯ್ಯನ ಹೆಂಡತಿ ಚಿಕ್ಕಮಾದಮ್ಮ ಕೋಳಿಗಳನ್ನು ಹಿತ್ತಲಿಗೆ ಅಟ್ಟಿ ಬಾಗಿಲು ಮುಚ್ಚಿದಳು.

ಮೊದಲ ಹಾಡುಗಳು ಸುಲಭಕ್ಕೆ ಕೂಡಿಬರಲಿಲ್ಲ. ಚೆಲುವಯ್ಯನ ಬೆರಳು ಎರಡು ಕಡೆ ಎಡವಿತು. ಕೋಮಲ ಒಂದು ಚರಣವನ್ನೇ ಮರೆತಳು. ಬೆಟ್ಟಸ್ವಾಮಿ ಕೂತಲ್ಲಿಂದಲೇ ತುಟಿಯಾಡಿಸಿ ನೆನಪಿಸಿದ. ಜಗನ್ ಪರದೆಯ ಮೇಲಿನ ಗೆರೆಗಳನ್ನು ನೋಡುತ್ತ, ಕೀಬೋರ್ಡ್ ನುಡಿಸುತ್ತ, ಮತ್ತೆ, ಇನ್ನೊಂದ್ಸಲ ಎನ್ನುತ್ತ ಬೆವರಿದ. ಮಧ್ಯಾಹ್ನ ಹೊಳೆಯ ಹಾಡು ಶುರುಮಾಡಬೇಕೆನ್ನುವಾಗ ಕರೆಂಟು ಹೋಯಿತು.

ಕೀಬೋರ್ಡ್ ಸತ್ತುಹೋಯಿತು. ಲ್ಯಾಪ್‌ಟಾಪ್ ಮಾತ್ರ ತನ್ನ ಬ್ಯಾಟರಿಯಲ್ಲಿ ಏನೂ ಆಗದಂತೆ ಬೆಳಗುತ್ತಿತ್ತು. ಭಾನುವಾರ ಕರೆಂಟು ಹೋದರೆ ಸಂಜೆಗೇ ಬರುವುದೆಂದು ಚೆಲುವಯ್ಯ ಹೇಳಿದ.

"ನೀವು ಸುಮ್ನೆ ಕೂತ್ಕಳ್ಳಿ," ಎಂದಳು ಕೋಮಲ ಗಂಡನಿಗೆ. "ಚೆಲುವಣ್ಣ, ನೀನು ನಿಧಾನಕ್ಕೆ ಹಿಡಿ."

ಅವಳು ಕಣ್ಣು ಮುಚ್ಚಿ ಹಾಡಿದಳು. ಡೋಲಕ್ ಅವಳ ಹಿಂದೆ, ಪರಿಚಯದವರು ಜೊತೆಗೆ ನಡೆದಂತೆ ನಡೆಯಿತು. ಜಗನ್‌ನ ಕೈಗೆ ಕೆಲಸವಿರಲಿಲ್ಲ. ಏಳು ವರ್ಷದ ಸ್ಟೇಜುಗಳಲ್ಲಿ ಅವನು ಅವಳ ಪಕ್ಕದಲ್ಲೇ ಇದ್ದ. ಆದರೆ ಅವನ ಕಿವಿ ಯಾವಾಗಲೂ ತನ್ನ ಬೆರಳಿನ ಮೇಲಿರುತ್ತಿತ್ತು. ಪಿಟೀಲಿನ ದನಿ ಸರಿ ಬಂತೇ, ತಂತಿ ಕಳಚಿತೇ ಎಂಬುದೇ ಯೋಚನೆ. ಬರಿಯ ಅವಳ ದನಿಯನ್ನು ಅವನು ಈಗ ಕೇಳುತ್ತಿದ್ದ. ಅದು ಎರಡು ಜಡೆಯ ಹುಡುಗಿಯ ದನಿಯಾಗಿರಲಿಲ್ಲ. ಅಂದಿನ ಮೇಲ್ದನಿಯ ಹೊಳಪು ಹೋಗಿತ್ತು. ಅದರ ಬದಲು ಒಂದು ತೂಕ ಬಂದಿತ್ತು. ಬಾಗಿಲಲ್ಲಿ ಚಿಕ್ಕಮಾದಮ್ಮ ಸೆರಗು ಬಾಯಿಗೆ ಹಿಡಿದು ನಿಂತಿದ್ದಳು. ಹಾಡಿನ ನಡುವೆ ದೂರದಲ್ಲಿ ಬಸ್ಸೊಂದು ಹಾರನ್ ಹೊಡೆದು ಹೋಯಿತು. ಯಾರೂ ನಿಲ್ಲಿಸೆನ್ನಲಿಲ್ಲ.

ಮುಗಿದ ಮೇಲೆ ಜಗನ್ ನಿಲ್ಲಿಸುವ ಗುಂಡಿ ಒತ್ತುವುದನ್ನೂ ಮರೆತು ಕೂತಿದ್ದ.

"ಸರಿಯಾಗಿ ಬಂತಾ?" ಎಂದಳು.

"ಬಂತು" ಎಂದ. ಅದನ್ನು ಇನ್ನೊಮ್ಮೆ ಹಾಡಿಸಲಿಲ್ಲ.

ಆಪರೇಷನ್ ಸುಖವಾಗಿ ಆಯಿತು. ಒಂದಷ್ಟು ವಾರ ಕೋಮಲಳ ಮಾತು ಪಿಸುಗುಟ್ಟಿದಂತಿತ್ತು. ಮಕ್ಕಳಿಗೆ ಅವಳು ಬೋರ್ಡಿನ ಮೇಲೆ ಬರೆದೇ ಪಾಠ ಮಾಡಿದಳು. ಆಮೇಲೆ ದನಿ ಮರಳಿತು. ಮೇಲಿನ ಸ್ವರಕ್ಕೆ ಮಾತ್ರ ಅದು ಮತ್ತೆ ಏರಲಿಲ್ಲ. ಅವಳು ಶ್ರುತಿಯನ್ನು ಎರಡು ಮನೆ ಕೆಳಗಿಳಿಸಿ ಹಾಡುವುದನ್ನು ರೂಢಿ ಮಾಡಿಕೊಂಡಳು. ದೀಪಾವಳಿಯ ನಂತರ ಹೊಸ ಮಾಡಲ್ಲೂ ಬಂತು. ಮೈಸೂರಿಗೆ ಹೋಗಿದ್ದಾಗ ಜಗನ್ ಅದನ್ನು ನೋಡಿದ, ಮುಚ್ಚಳ ಎತ್ತಿ ಇಳಿಸಿದ, ನಿಜಕ್ಕೂ ಚೆನ್ನಾಗಿದೆ ಎಂದು ಅಂಗಡಿಯ ಹುಡುಗನಿಗೆ ಹೇಳಿದ. ಹೊರಡುವ ಮುಂಚೆ ಅದರ ಬೆಲೆಯನ್ನೂ ಕೇಳಿದ.

ಹನ್ನೆರಡರಲ್ಲಿ ಒಂದು ಕೂಡಿಬರಲಿಲ್ಲ, ಉಳಿದ ಹನ್ನೊಂದು ಹಾಡುಗಳ ಸಿಡಿ ಆಯಿತು. ಬೆಟ್ಟಸ್ವಾಮಿ, "ನನ್ ಅಂಗ್ಡೀಲಿ ತಟ್ಟೆ ತಿರುಗ್ಸೋ ಮಿಷಿನ್ ಇಲ್ಲ ಕಣಪ್ಪ, ಟೇಪಿಗೆ ಆಕ್ಕೊಡು" ಎಂದ. ಜಗನ್ ಹುಡುಕಿ ಖಾಲಿ ಕ್ಯಾಸೆಟ್ ತಂದು, ಲಕ್ಷ ರೂಪಾಯಿಯ ಯಂತ್ರದಿಂದ ಅದಕ್ಕೆ ಇಳಿಸಿಕೊಟ್ಟ.

ಮರುವರ್ಷದ ಬೇಸಿಗೆಯಲ್ಲಿ ಗಂಡಹೆಂಡಿರು ತಿ. ನರಸೀಪುರಕ್ಕೆ ಹೋದವರು ಬಸ್ಸಿಗೆ ಹೊತ್ತಿದೆಯೆಂದು ಆ ಅಂಗಡಿಯಲ್ಲಿ ಕೂತಿದ್ದರು. ಟೇಪ್ ರೆಕಾರ್ಡರಿನಲ್ಲಿ ಹೊಳೆಯ ಹಾಡು ಬರುತ್ತಿತ್ತು. ಬೆಟ್ಟಸ್ವಾಮಿ ಮಿಷಿನ್ ತುಳಿಯುತ್ತಿದ್ದ. ರವಿಕೆಗೆ ಕಾದಿದ್ದ ಒಬ್ಬ ಹೆಂಗಸು ಬಾಗಿಲ ಚೌಕಟ್ಟಿಗೊರಗಿ ಕೇಳುತ್ತಿದ್ದವಳು, "ಯಾರಣ್ಣ ಇದ ಆಡಿರೋರು? ನಮ್ ಕಡೇರಂಗೇ ಅವ್ರೆ" ಎಂದಳು.

ಬೆಟ್ಟಸ್ವಾಮಿ ತುಳಿಯುವುದನ್ನು ನಿಲ್ಲಿಸಿ ಕೋಮಲಳ ಕಡೆ ನೋಡಿದ. ಕೋಮಲ ಹೇಳಬೇಡವೆಂದು ತಲೆಯಾಡಿಸಿದಳು. ಅವನು ದಾರ ಕಡಿದು, "ಕೇಳವ್ವ, ಇನ್ನೊಂದ್ ಚರಣ ಅದೆ" ಎಂದ.