ದಿನಕ್ಕೊಂದು ಅಧ್ಯಾಯ

ಪೊಲೀಸರು ಮೊದಲ ಸಲ ಬಂದುಹೋದ ಮರುದಿನ ನಮ್ಮತ್ತೆ ಪಾರ್ವತೀಬಾಯಿ ಸ್ನಾನ ಮಾಡಿ, ಮಡಿಯುಟ್ಟು, ದೇವರ ಮನೆಯ ವ್ಯಾಸಪೀಠದ ಮೇಲೆ ಆ ಪುಸ್ತಕವನ್ನಿಟ್ಟು ಓದಲು ಕೂತರು. ದೂರದ ಯಾವುದೋ ದೇಶದ ಕಾಡುಗಳಲ್ಲಿ ಬಂದೂಕು ಹಿಡಿದು ತಿರುಗಿದ ಒಬ್ಬ ಕ್ರಾಂತಿಕಾರಿ, ತನ್ನ ಹಿಂದೆ ಬರುವವರಿಗಾಗಿ ಬರೆದಿಟ್ಟ ಗೆರಿಲ್ಲಾ ಯುದ್ಧದ ಕೈಪಿಡಿ ಅದು. ಯಾರೋ ಕನ್ನಡಕ್ಕೆ ತಂದಿದ್ದರು. ರಟ್ಟು ಕಿತ್ತುಹೋಗಿತ್ತು. ನನ್ನ ಮೈದುನ ಮುಕುಂದ ಮನೆ ಬಿಟ್ಟು ಹೋದಾಗ ಅವನ ಹಾಸಿಗೆಯ ಸುರುಳಿಯೊಳಗೆ ಸಿಕ್ಕಿದ್ದನ್ನು ಅತ್ತೆ ತಮ್ಮ ಮಡಿಬಟ್ಟೆಗಳ ಪೆಟ್ಟಿಗೆಯಲ್ಲಿ ಮುಚ್ಚಿಟ್ಟಿದ್ದರು.

ಎಂಬತ್ತೇಳನೆಯ ಇಸವಿಯ ಬೇಸಿಗೆ. ನಾನು ಆ ಮನೆಗೆ ಸೊಸೆಯಾಗಿ ಬಂದು ಬಹಳ ದಿನವಾಗಿರಲಿಲ್ಲ. ಮುಕುಂದ ಊರ ಹೊರಗೆ ಕುಸನೂರಿನ ಕಡೆಯ ಯುನಿವರ್ಸಿಟಿಯಲ್ಲಿ ಎಂ.ಎ. ಓದುತ್ತಿದ್ದ. ಒಂದು ದಿನ ಚೀಲ ಹಾಕಿಕೊಂಡು ಹೋದವನು ತಿರುಗಿ ಬರಲಿಲ್ಲ. ಅವನು ಕಾಡಿನವರ ಜೊತೆ ಸೇರಿದ್ದಾನೆ ಎಂದು ನಮಗೆ ಹೇಳಿದವರು ಪೊಲೀಸರೇ.

ಆ ಮೊದಲ ಸಲ ಹುಡುಕಲು ಬಂದವರಲ್ಲಿ ಜಮಾದಾರ ಹಣಮಂತರಾಯ ಹಿರಿಯ. ಅಡುಗೆಮನೆಯ ಡಬ್ಬಿಗಳನ್ನೂ ಬಿಡದೆ ತೆಗೆಸಿ ನೋಡಿದ. ದೇವರ ಮನೆಯಲ್ಲಿ ಮಡಿಯಲ್ಲಿ ಕೂತಿದ್ದ ಅತ್ತೆಯನ್ನು ಕಂಡು ಮಾತ್ರ ಹೊಸ್ತಿಲಾಚೆಯೇ ನಿಂತು ಕೈಮುಗಿದ. ಅತ್ತೆ ಬಾಗಿಲಿಗೆ ಬಂದವರನ್ನು ಬರಿಗೈಯಲ್ಲಿ ಕಳಿಸಿದವರಲ್ಲ. ಅವಲಕ್ಕಿಗೆ ಮೊಸರು, ಬೇಳೆ ಹುರಿದು ಬೀಸಿದ ಮೆಂತ್ಯದ ಹಿಟ್ಟು ಕಲಸಿ ಕೊಡಿಸಿದರು. ಹಣಮಂತರಾಯ ತಿಂದು ಬೆರಳು ಚೀಪಿದ.

"ಬಳ್ಳೊಳ್ಳಿ ಹಾಕಿಲ್ಲ ಏನ್ರಿ ಅವ್ವಾರ? ಆದ್ರೂ ಹೆಂಗ ಘಮ್ ಅಂತದ ನೋಡ್ರಿ!"

"ನಾವು ತಿನ್ನಂಗಿಲ್ಲಪಾ. ಇಂಗಿನ ವಾಸನಿ ಅದು," ಎಂದರು ಅತ್ತೆ.

ಮರುದಿನ ಅತ್ತೆ ಓದಲು ಕೂತಾಗಲೇ ನನ್ನ ಗಂಡ ಪ್ರಹ್ಲಾದರಿಗೆ ಪುಸ್ತಕದ ವಿಷಯ ತಿಳಿಯಿತು. ಅವರು ಸರಕಾರಿ ಕಚೇರಿಯಲ್ಲಿ ಗುಮಾಸ್ತರು.

"ಅವ್ವಾ, ಅದನ್ನ ಈಗಿಂದೀಗ ಬಚ್ಚಲ ಬಂಬದ ಒಲಿಗೆ ಹಾಕು."

"ಓದಲಾರದ ಸುಡೂದ ಹೆಂಗೋ? ನನ್ನ ಮಗನ್ನ ಮನಿ ಬಿಡಿಸೇದ ಅದು. ಒಳಗ ಏನದ ಅಂತ ನೋಡಬ್ಯಾಡೇನು?"

"ಸರಿ, ಹಾಳೆ ತಿರುವಿ ನೋಡು. ವ್ಯಾಸಪೀಠದ ಮ್ಯಾಲ್ಯಾಕ ಇಡ್ತಿ? ಅದೇನು ಪುರಾಣದ ಪೋಥಿ ಏನು?"

"ನನಗ ಓದೂದು ಬರೂದು ಇದೊಂದ ನಮೂನಿ, ಪ್ರಹ್ಲಾದ. ಕುರ್ಚಿ ಮ್ಯಾಲ ಕೂತು ಕಾಲು ಅಲುಗಿಸ್ಕೋತ ಓದೂದು ನನಗ ಯಾರು ಕಲಿಸ್ಯಾರ?"

ಅದು ನಿಜ. ಅವರು ಹನ್ನೆರಡನೆಯ ವಯಸ್ಸಿಗೆ ಮದುವೆಯಾಗಿ ಬಂದು, ತಮ್ಮ ಅತ್ತೆಯ ಪಕ್ಕ ಕೂತು ಪೋಥಿಯಲ್ಲೇ ಅಕ್ಷರ ಕಲಿತವರು. ಪೋಥಿಯನ್ನು ಮಡಿಯಲ್ಲೇ ಓದಬೇಕು, ರಾಗವಾಗಿ, ಬಾಯಿಬಿಟ್ಟು ಓದಬೇಕು. ದಿನಕ್ಕೆ ಒಂದೇ ಅಧ್ಯಾಯ. ಮುಂದಿನದನ್ನು ಇಂದೇ ಇಣುಕಬಾರದು, ಹಿಡಿದದ್ದನ್ನು ನಡುವೆ ಬಿಡಬಾರದು. ಪೀಠದ ಮೇಲಿರುವವರೆಗೆ ಮೈಲಿಗೆಯವರು ಮುಟ್ಟುವಂತಿಲ್ಲ. ಹಾಗಾಗಿ ಪ್ರಹ್ಲಾದರೂ ಅದನ್ನು ಕಸಿದುಕೊಂಡು ಸುಡಲಾಗಲಿಲ್ಲ, ನಾನೂ ತೆರೆದು ನೋಡಲಾಗಲಿಲ್ಲ. ಹೊಸ್ತಿಲಾಚೆ ಅಕ್ಕಿ ಆರಿಸುತ್ತ ಕೂತು ಕೇಳುತ್ತಿದ್ದೆ ಅಷ್ಟೆ.

ಕೇಳಲು ವಿಚಿತ್ರವಾಗಿರುತ್ತಿತ್ತು. ಹೊಂಚು ಹಾಕಿ ಕೂರುವುದು, ಹೊಡೆದ ಕೂಡಲೇ ಜಾಗ ಬಿಡುವುದು, ಸೇತುವೆಯ ಕಂಬ ಕೆಡವುವುದು, ಎಲ್ಲವೂ ಹಾಡಿನ ಧಾಟಿಯಲ್ಲಿ ಬರುತ್ತಿತ್ತು. ಪಕ್ಕದ ಮನೆಯ ಸಾವಿತ್ರಿಬಾಯಿ ಗೋಡೆಯ ಮೇಲಿಂದ ಕೇಳಿದರು: "ಪಾರ್ವತೀಬಾಯಿ, ಯಾವ ಪುರಾಣ ಹಿಡಿದೀರಿ? ಪುಣ್ಯಕ್ಕ ನಾನೂ ಬಂದು ಕೂಡ್ಲೇನು?"

"ವನವಾಸದ ಕಥಿ ರೀ," ಎಂದರು ಅತ್ತೆ. "ಭಾಳ ದುಃಖದ್ದದ. ನಿಮಗ ಬಿಪಿ ಅದ, ಬ್ಯಾಡ್ರಿ."

ಒಳಗೆ ಬಂದು ನನ್ನತ್ತ ನೋಡಿ ಮುಖ ಕೊಂಕಿಸಿ ನಕ್ಕರು. ಮುಕುಂದ ಹೋದ ಮೇಲೆ ಅವರ ಮುಖದಲ್ಲಿ ನಗು ಕಂಡದ್ದು ಅದೇ ಮೊದಲು.

ಮೊದಲ ಕೆಲವು ಅಧ್ಯಾಯಗಳಲ್ಲಿ ಅವರಿಗೆ ಬರೆದವನ ಮೇಲೆ ಸಿಟ್ಟಿತ್ತು. ನಂತರ ಏನೋ ಬದಲಾಯಿತು. ಕಾಲು ಒದ್ದೆಯಾದರೆ ಏನು ಮಾಡಬೇಕು, ಬೂಟು ಹರಿದರೆ ಹೇಗೆ, ಉಪ್ಪಿಲ್ಲದೆ ಎಷ್ಟು ದಿನ ನಡೆಯಬಹುದು ಎಂದು ಅವನು ಬರೆದಲ್ಲಿ ಅತ್ತೆಯ ರಾಗ ನಿಧಾನವಾಗುತ್ತಿತ್ತು. "ಇವನೂ ಹಸದಾನ, ಇಂದೂ," ಎಂದರು ಒಂದು ದಿನ. ನನಗೆ ಅನಿಸಿತು, ಅವರು ಆ ಪುಸ್ತಕದಲ್ಲಿ ಹುಡುಕುತ್ತಿದ್ದುದು ಯುದ್ಧವನ್ನಲ್ಲ. ಮಗ ಈಗ ಎಲ್ಲಿ ಮಲಗಿದ್ದಾನೆ, ಏನು ತಿಂದಿದ್ದಾನೆ ಎಂದು ಹೇಳಬಲ್ಲವನು ಈ ಜಗತ್ತಿನಲ್ಲಿ ಆ ಬರೆದವನೊಬ್ಬನೇ ಇದ್ದ.

ಕಮಲಾಪುರದಲ್ಲಿ ನಮಗೊಂದು ಸಣ್ಣ ಬಾಳೆತೋಟವಿತ್ತು. ಕಾಶಿರಾಯ ಮತ್ತು ಅವನ ಹೆಂಡತಿ ಮಾಳಮ್ಮ ನೋಡಿಕೊಳ್ಳುತ್ತಿದ್ದರು. ಮಾಳಮ್ಮ ವಾರಕ್ಕೊಮ್ಮೆ ಕೆಂಪು ಬಾಳೆಹಣ್ಣಿನ ಬುಟ್ಟಿ ಹೊತ್ತು ಬಸ್ಸಿನಲ್ಲಿ ಬಂದು, ಗಂಜಿನ ಪೇಟೆಯಲ್ಲಿ ಹಣ್ಣು ಮಾರಿ, ನಮ್ಮ ಪಾಲನ್ನು ಮನೆಗೆ ಕೊಟ್ಟು ಹೋಗುತ್ತಿದ್ದಳು. ಆ ವಾರ ಹಿತ್ತಲಲ್ಲಿ ಬುಟ್ಟಿ ಇಳಿಸಿದವಳು ಸೆರಗಿನಿಂದ ಬಾಯಿ ಒರೆಸಿಕೊಂಡು, ಬಾವಿಯ ಕಡೆ ನೋಡುತ್ತ ಹೇಳಿದಳು.

"ಸಣ್ಣ ಧಣ್ಯಾರು ಆರಾಮ ಆದಾರ್ರಿ. ಗುಡ್ಡದ ಮಗ್ಗಲಾಗ. ಬಾಯಿ ಕೆಟ್ಟು ಹೋಗ್ಯಾದ ಅಂತಾರ. ನಮ್ಮ ಖಾರ ಅವರಿಗಿ ಹೊಟ್ಟಿಗಿ ಹತ್ತವಲ್ದು."

ಅತ್ತೆ ತುಳಸಿಕಟ್ಟೆ ಹಿಡಿದು ನಿಂತರು.

ಮರುದಿನದ ಅಧ್ಯಾಯ ಊಟದ್ದು. ಹೋರಾಟಗಾರ ಹಗುರಾದದ್ದನ್ನು ಹೊರಬೇಕು, ಕೆಡದೇ ಇರುವಂಥದ್ದು, ಬೆಂಕಿ ಹೊತ್ತಿಸದೆ ತಿನ್ನಬಹುದಾದದ್ದು, ಏಕೆಂದರೆ ಹೊಗೆ ಶತ್ರುವಿಗೆ ಕಾಣುತ್ತದೆ. ಅತ್ತೆ ರಾಗ ನಿಲ್ಲಿಸಿ ತೊಡೆ ತಟ್ಟಿದರು.

"ನಮ್ಮ ಮೆಂತ್ಯದ ಹಿಟ್ಟ ಅಲ್ಲೇನ ಇದು! ಇವ ಊರೆಲ್ಲ ತಿರಿಗಿ ಹೇಳೂದು ನಮ್ಮ ಡಬ್ಬಿದಾಗ ಅದನಲ್ಲ!"

ಬೇಳೆಗಳನ್ನು ತಾವೇ ಹುರಿದರು. ನಾನು ಬೀಸಿದೆ. ಇಂಗು, ಅರಿಸಿನ ಹಾಕಿ ಹಿತ್ತಾಳೆಯ ಡಬ್ಬಿಗೆ ಒತ್ತಿ ತುಂಬಿದರು. ಪ್ರಹ್ಲಾದರಿಗೆ ಹೇಳಲಿಲ್ಲ. ಮುಂದಿನ ವಾರ ಮಾಳಮ್ಮ ಬಂದಾಗ ಡಬ್ಬಿ ಅವಳ ಖಾಲಿ ಬುಟ್ಟಿಯ ತಳದಲ್ಲಿ, ಒಣ ಬಾಳೆಯೆಲೆಯ ಕೆಳಗೆ ಹೋಯಿತು. ಅವಳು ಹೊರಟ ಮೇಲೆ ಅತ್ತೆ ಸ್ನಾನ ಮಾಡಿ ಆ ದಿನದ ಅಧ್ಯಾಯಕ್ಕೆ ಕೂತರು. ಸ್ವಲ್ಪ ಹೊತ್ತಿಗೆ ರಾಗ ನಿಂತಿತು. ಅದೇ ಸಾಲನ್ನು ಇನ್ನೊಮ್ಮೆ ಓದಿದರು.

ಅಡವಿಯಲ್ಲಿರುವವನನ್ನು ಹಿಡಿಯಲು ಶತ್ರು ಅಡವಿಗೆ ಬರಬೇಕಿಲ್ಲ, ಅನ್ನ ಬರುವ ದಾರಿಯಲ್ಲಿ ಕೂತರೆ ಸಾಕು. ಅನ್ನ ಒಯ್ಯುವವರ ಬಳಿ ಅವರ ಮನೆಯದಲ್ಲದ ಯಾವ ವಸ್ತುವೂ ಇರಕೂಡದು. ಹೆಚ್ಚುಕಡಿಮೆ ಹೀಗಿತ್ತು ಅದು.

"ಇಂದೂ," ಎಂದರು. ದನಿ ಬೇರೆಯಾಗಿತ್ತು. "ಮಾಳಮ್ಮನ ಬಸ್ಸು ಹೋತೇನು?"

ನಾನು ಸೀರೆ ಬದಲಿಸದೆ ಆಟೊ ಹಿಡಿದು ಬಸ್ ಸ್ಟ್ಯಾಂಡಿಗೆ ಓಡಿದೆ. ಬಸ್ಸು ಹೋಗಿತ್ತು. ಅದರ ಹಿಂದಿನ ಹುಮನಾಬಾದ್ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತೆ. ಕಿಟಕಿಯಾಚೆ ಕರಿನೆಲ ಹೋಗಿ ಕೆಮ್ಮಣ್ಣು ಬಂತು. ಅಡ್ಡ ಬಂದ ಪ್ರತಿ ಎಮ್ಮೆಯನ್ನೂ ಶಪಿಸುತ್ತ ಹೋದೆ.

ಕಮಲಾಪುರದಲ್ಲಿ ಇಳಿದಾಗ ಮಾಳಮ್ಮ ರಸ್ತೆಬದಿಯ ಚಹಾದ ಹೋಟೆಲಿನ ಮುಂದೆ ನೆಲದ ಮೇಲೆ ಕೂತಿದ್ದಳು. ಬುಟ್ಟಿ ಮಗುಚಿತ್ತು. ಬೆಂಚಿನ ಮೇಲೆ ಹಣಮಂತರಾಯ, ಯೂನಿಫಾರ್ಮ್ ಇಲ್ಲದೆ, ಧೋತರ ಉಟ್ಟು ಕೂತಿದ್ದ. ತೊಡೆಯ ಮೇಲೆ ನಮ್ಮ ಡಬ್ಬಿ. ಇನ್ನಿಬ್ಬರು ಅಪರಿಚಿತರು ಬೀಡಿ ಸೇದುತ್ತಿದ್ದರು.

"ಬರ್ರಿ ಅವ್ವಾರ, ಛಲೋ ಹೊತ್ತಿಗಿ ಬಂದ್ರಿ. ಇದು ಈಕಿ ಅತ್ತಿ ಮಾಡಿದ್ದಂತ."

"ಹೌದ್ರಿ ಸಾಹೇಬ್ರ," ಎಂದಳು ಮಾಳಮ್ಮ, ನನ್ನತ್ತ ನೋಡದೆ. "ನಮ್ಮತ್ತಿನೇ ಮಾಡ್ಯಾಳ."

ಹಣಮಂತರಾಯ ಚಿಟಿಕೆ ಹಿಟ್ಟು ನಾಲಿಗೆಗೆ ಹಾಕಿಕೊಂಡ. "ನಿಮ್ಮತ್ತಿ ಯಾವಾಗ ಬಾಮಣಕಿ ಆದಳವಾ? ಬಳ್ಳೊಳ್ಳಿ ಬಿಟ್ಟು ಇಂಗು ಹಾಕಾಕತ್ತಾಳ!"

ಬೀಡಿಯವರು ನಕ್ಕರು. ನಾನು ಹೇಳಿದೆ: "ನಾವೇ ಕೊಟ್ಟದ್ದು ರೀ. ಜ್ವರ ಬಂದು ಬಾಯಿ ಕೆಟ್ಟದ ಅಂದಿದ್ಲು."

"ಹಂಗಂತ ಹೇಳೂದು ಬಿಟ್ಟು ಸುಳ್ಯಾಕ ಹೇಳ್ತಿ, ಹುಚ್ಚಿ? ಹಿಟ್ಟು ತಿಂದ್ರ ಕೇಸ್ ಹಾಕ್ತೀವೇನು?"

ಡಬ್ಬಿಯ ಅಂಚನ್ನು ಕರವಸ್ತ್ರದಿಂದ ಒರೆಸಿ, ತಾನೇ ಮುಚ್ಚಳ ಒತ್ತಿ, ಬುಟ್ಟಿಯಲ್ಲಿಟ್ಟು ಕೊಟ್ಟ. "ಹೋಗವಾ. ತಿಂದು ಆರಾಮಾಗು." ಮಾಳಮ್ಮ ಎದ್ದು, ಬುಟ್ಟಿ ತಲೆಗೇರಿಸಿ, ತೋಟದ ಹಾದಿ ಹಿಡಿದಳು. ಹಣಮಂತರಾಯ ನನಗೆ ಚಹಾ ಹೇಳಿದ. ನಾನು ಒಲ್ಲೆನೆಂದೆ. ಬಸ್ಸು ಬಂದಾಗ ನನಗೆ ಸೀಟು ಕೊಡುವಂತೆ ಕಂಡಕ್ಟರನಿಗೆ ಕೂಗಿ ಹೇಳಿದ. "ನಿಮ್ಮತ್ತಿಯವರಿಗೆ ನಮಸ್ಕಾರ ತಿಳಿಸ್ರಿ. ಅವತ್ತಿನ ಅವಲಕ್ಕಿ ಮರ್ತಿಲ್ಲ."

ಬಸ್ಸಿನಲ್ಲಿ ಕೂತ ಮೇಲೆ ನನಗೆ ಅಳು ಬಂತು. ಕಣ್ಣೀರು ಸಮಾಧಾನದ್ದು. ಪಕ್ಕದಲ್ಲಿ ಕೂತಿದ್ದ ಹೆಂಗಸು, "ತವರು ಬಿಟ್ಟು ಹೊಂಟೀಯೇನು ತಂಗಿ?" ಎಂದು ಕೇಳಿದಳು. ಹೌದೆಂದೆ.

ಮನೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಅತ್ತೆ ಮಧ್ಯಾಹ್ನ ಕೂತಲ್ಲೇ ಇದ್ದರು, ಊಟ ಮಾಡಿರಲಿಲ್ಲ. ಪುಸ್ತಕದ ಹಾಳೆಗಳು ಮುಂದಕ್ಕೆ ಸರಿದಿದ್ದವು. ಜೀವನದಲ್ಲಿ ಮೊದಲ ಸಲ ಅವರು ನಾಳೆಯ ಅಧ್ಯಾಯವನ್ನು ಇಂದೇ ಓದಿದ್ದರು.

"ಅತ್ಯಾ, ಏನೂ ಆಗಿಲ್ಲ ರೀ! ಹಿಡಿದಿದ್ರು, ಬಿಟ್ಟರು."

"ಬಿಟ್ಟರ?"

"ಹೂಂ ರೀ. ಹಣಮಂತರಾಯನ ಇದ್ದ."

"ಡಬ್ಬಿ?"

"ಡಬ್ಬಿನೂ ಕೊಟ್ರು. ತಾನ ಮುಚ್ಚಿ ಕೊಟ್ಟ."

ನಾನು ನಗುತ್ತಲೇ ಇದ್ದೆನೆಂದು ಕಾಣುತ್ತದೆ. ಅತ್ತೆ ಹಾಳೆಯ ಮೇಲೆ ಬೆರಳಿಟ್ಟು, ರಾಗವಿಲ್ಲದೆ, ಮಾತಾಡಿದ ಹಾಗೆ ಓದಿದರು.

"ಅನ್ನ ಒಯ್ಯುವವರನ್ನು ಶತ್ರು ತಡೆದು, ಹಾಗೇ ಬಿಟ್ಟು ಕಳಿಸಿದನೆಂದರೆ, ಆ ದಾರಿ ಮುಗಿಯಿತೆಂದು ತಿಳಿಯಿರಿ. ಬಿಟ್ಟವನು ಹಿಂದೆಯೇ ಬರುತ್ತಿದ್ದಾನೆ."

ಕಚೇರಿಯಿಂದ ಬಂದ ಪ್ರಹ್ಲಾದರಿಗೆ ಆಗ ಎಲ್ಲ ಹೇಳಿದೆವು. ಅವರು ಯಾರನ್ನೂ ಬೈಯಲಿಲ್ಲ. ಮತ್ತೆ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು. ಕಮಲಾಪುರಕ್ಕೆ ಲಾರಿ ಸಿಕ್ಕು ಅವರು ಮುಟ್ಟುವ ಹೊತ್ತಿಗೆ ಗುಡ್ಡದ ಬುಡದಲ್ಲಿ ಜೀಪುಗಳು ನಿಂತಿದ್ದವು. ಎರಡೂ ಕಡೆಯಿಂದ ಗುಂಡು ಹಾರಿತು ಎಂದು ಮರುದಿನದ ಪತ್ರಿಕೆಯಲ್ಲಿ ಬಂತು. ಹೆಣದ ಗುರುತು ಹಿಡಿಯಲು ಪ್ರಹ್ಲಾದರನ್ನು ಕರೆದಿದ್ದರು. ಅದರ ಬಗ್ಗೆ ಅವರು ನನಗೆ ಹೇಳಿದ್ದು ಒಂದೇ ಮಾತು: "ಬೆರಳಿಗೆ ಹಿಟ್ಟು ಹತ್ತಿತ್ತು, ಇಂದೂ. ಹಳದಿ." ಅದನ್ನು ಅವರು ತಾಯಿಗೆ ಹೇಳಲಿಲ್ಲ. ನಾನೂ ಹೇಳಿಲ್ಲ.

ಸೂತಕದ ಮನೆಯಲ್ಲಿ ದೇವರ ಪೂಜೆಯಿಲ್ಲ, ಮಡಿಯಿಲ್ಲ. ಅದು ಹಣಮಂತರಾಯನಿಗೂ ಗೊತ್ತಿತ್ತು. ಮೂರನೆಯ ದಿನ ಬಂದು, ಬೂಟು ಕಳಚಿ, ಈ ಸಲ ನೇರ ದೇವರ ಮನೆಗೆ ಹೋಗಿ ಪೀಠದ ಮೇಲಿನ ಪುಸ್ತಕವನ್ನು ಎತ್ತಿಕೊಂಡ. ಮೂಲೆಯಲ್ಲಿ ಕೂತಿದ್ದ ಅತ್ತೆ ಹೇಳಿದರು: "ಇನ್ನೂ ಸ್ವಲ್ಪ ಉಳದದಪಾ. ಮುಗಿಸಿ ಕೊಡ್ತಿದ್ದೆ."

ಅವನು ಅದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಹೊರಟ.

ಆಮೇಲೆ ಅತ್ತೆ ಯಾವ ಪೋಥಿಯನ್ನೂ ತೆರೆಯಲಿಲ್ಲ. ಒಂದನ್ನು ನಡುವೆ ಬಿಟ್ಟು ಇನ್ನೊಂದನ್ನು ಹಿಡಿಯಬಾರದು ಎಂದರು. ಮೆಂತ್ಯದ ಹಿಟ್ಟು ನಮ್ಮ ಮನೆಯಲ್ಲಿ ನಿಂತುಹೋಯಿತು. ಕಾಶಿರಾಯ ಜೈಲಿನಿಂದ ಬರುವ ಹೊತ್ತಿಗೆ ಅವನ ಒಂದು ಕಾಲು ಮಡಚುತ್ತಿರಲಿಲ್ಲ. ಮಾಳಮ್ಮ ಮತ್ತೆ ಬರಲಿಲ್ಲ. ಎಷ್ಟೋ ವರ್ಷದ ಮೇಲೆ ಗಂಜಿನಲ್ಲಿ ಎದುರಾದಾಗ ನಾನು ಮಾತಾಡಿಸಿದೆ. ಅವಳು ತಕ್ಕಡಿಯ ಮುಳ್ಳನ್ನೇ ನೋಡುತ್ತ, "ಯಾವ ಊರವ್ವಾ ನಿಮ್ಮದು?" ಎಂದಳು.

ಕಳೆದ ತಿಂಗಳು ಪುಸ್ತಕ ಪ್ರದರ್ಶನಕ್ಕೆ ಹೋಗಿದ್ದೆ. ಅಡುಗೆ ಪುಸ್ತಕ, ವಾಸ್ತು ಪುಸ್ತಕಗಳ ನಡುವೆ ಅದೇ ಕೈಪಿಡಿ ಬಿದ್ದಿತ್ತು. ಹೊಸ ಮುದ್ರಣ, ಹೊಳೆಯುವ ರಟ್ಟು. ಯಾರು ಬೇಕಾದರೂ ಕೊಳ್ಳಬಹುದು. ಅಂಗಡಿಯವನು ಬಿಲ್ಲು ಹರಿದು ಕೊಟ್ಟು, ಕ್ಯಾಲೆಂಡರ್ ಬೇಕೇ ಎಂದು ಕೇಳಿದ.

ಅತ್ತೆಗೆ ಈಗ ಕಣ್ಣು ಕಾಣಿಸುವುದಿಲ್ಲ. ಮಂಚದ ಪಕ್ಕ ಕುರ್ಚಿ ಹಾಕಿಕೊಂಡು, ಅಂದು ಓದು ನಿಂತುಹೋದಲ್ಲಿಂದ ಓದುತ್ತೇನೆ ಎಂದೆ. ಅವರು ಎದ್ದು ಕೂತು ಸೆರಗು ಹೊದ್ದರು. ನನಗೆ ರಾಗ ಬರುವುದಿಲ್ಲ. ದಿನಕ್ಕೊಂದು ಅಧ್ಯಾಯದಂತೆ ನಡೆಯಿತು. ನಿನ್ನೆಯದು ಹೆಂಗಸರ ಬಗ್ಗೆ. ಹೆಂಗಸರು ಅಡುಗೆ ಮಾಡಬಲ್ಲರು, ಹೊಲಿಯಬಲ್ಲರು. ಎಲ್ಲಕ್ಕಿಂತ ಹೆಚ್ಚಾಗಿ, ಅನ್ನವನ್ನೂ ಸುದ್ದಿಯನ್ನೂ ಸುರಕ್ಷಿತವಾಗಿ ಒಯ್ಯಬಲ್ಲರು, ಏಕೆಂದರೆ ಅವರ ಬುಟ್ಟಿಯ ಮೇಲೆ ಯಾರಿಗೂ ಸಂಶಯ ಬರುವುದಿಲ್ಲ.

ಅಲ್ಲಿಗೆ ನನ್ನ ದನಿ ನಿಂತಿತು. ಅತ್ತೆ ಕಾಣದ ಕಣ್ಣನ್ನು ಕಿಟಕಿಯ ಕಡೆ ತಿರುಗಿಸಿದರು.

"ಇದನ್ನ ಬರದವನ ಮನ್ಯಾಗ ಮೆಂತ್ಯದ ಹಿಟ್ಟು ಮಾಡ್ತಿದ್ದಿಲ್ಲ ಕಾಣ್ತದ," ಎಂದರು. "ಓದು. ನಿಲ್ಲಿಸಬ್ಯಾಡ."