ಮೂರನೆಯ ಸಾಲು

"ಹಳೇ ಬ್ಲಾಗು ಇರಲಿ ಬಿಡ್ರಿ ಕಾಕಾ. ಅದೇನು ನಿಮಗ ರೊಟ್ಟಿ ಕೇಳ್ತದೇನು?" ಎಂದ ಅಮೀರ್ ಅಲಿ.

ನಾಗೇಂದ್ರಪ್ಪ ಕೇಳುವ ಪೈಕಿಯೇ ಅಲ್ಲ. "ಹೊಸ ಮನ್ಯಾಗ ಹಾಲು ಉಕ್ಕಿಸಿದ ಮ್ಯಾಲ ಹಳೇ ಮನ್ಯಾಗ ಒಂದು ಚಮಚಾನೂ ಬಿಡಬಾರದಪ್ಪ. ಬಿಟ್ರ ಸಂಸಾರ ಎರಡೂ ಕಡಿ ನಿಲ್ಲಂಗಿಲ್ಲ. ಅಳಿಸಿಬಿಡೋಣು."

ಮಾತಿಗೆ ಹೇಳಿದ್ದಲ್ಲ, ಒಲೆಯ ಮೇಲೆ ಖರೇನೇ ಹಾಲಿಟ್ಟಿದ್ದ. ಸೇಡಂ ಬಸ್ ನಿಲ್ದಾಣದ ಎದುರು ಇಂಟರ್ನೆಟ್ ಅಂಗಡಿ ಇಟ್ಟುಕೊಂಡಿದ್ದ ಅಮೀರ್, ಇಂಥ ಗೃಹಪ್ರವೇಶ ನೋಡಿರಲಿಲ್ಲ. ನಕ್ಕ.

ಬ್ಲಾಗು ನಾಗೇಂದ್ರಪ್ಪನ ಹೆಸರಿನಲ್ಲಿದ್ದರೂ ಅದರೊಳಗಿನದೆಲ್ಲ ಹೆಂಡತಿ ಉಮಾದೇವಿಯದು. ಚಿಮ್ಮನಚೋಡದ ಮಗಳು ಆಕೆ. ಅಜ್ಜಿಯಿಂದ ಬಂದ ಬೀಸುವ ಕಲ್ಲಿನ ಪದಗಳು ನಾಲಿಗೆಯ ತುದಿಯಲ್ಲೇ ಇದ್ದವು. ಆಕೆ ರೊಟ್ಟಿ ಬಡಿಯುತ್ತ ಹಾಡುವಳು, ಸಾಲಿಯ ಗುಮಾಸ್ತನಾದ ಈತ ಎರಡೇ ಬೆರಳಿನಲ್ಲಿ ಕಂಪ್ಯೂಟರ್ ಕುಟ್ಟುವನು. "ನಾ ರೊಟ್ಟಿ ಬೇಸೂದ್ರಾಗ ನಿಮ್ಮದು ಒಂದು ಅಕ್ಷರ ಬೇಯಂಗಿಲ್ಲ ನೋಡ್ರಿ" ಎಂದು ಕಾಡುವಳು. ಹಾಡಿದ್ದು ನೇರ ಬ್ಲಾಗಿಗೇ ಹೋಯಿತು. ಕಾಗದದ ಮೇಲೂ ಇಟ್ಟುಕೊಳ್ಳಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ.

ಆಮೇಲೆ ಆಕೆಗೆ ಲಕ್ವಾ ಹೊಡೆಯಿತು. ಬಲಗೈ ಬಿತ್ತು, ಬಲಗಾಲು ಬಿತ್ತು, ಮಾತು ನಿಂತಿತು. ಕಿವಿ ಮತ್ತು ಬುದ್ಧಿ ನೆಟ್ಟಗಿದ್ದವು, ಅದೇ ದೊಡ್ಡ ಶಿಕ್ಷೆ. ಸಂಜೆಯಾಯಿತೆಂದರೆ ನಾಗೇಂದ್ರಪ್ಪ ಪಡಸಾಲೆಯಲ್ಲಿ ಬ್ಲಾಗು ತೆರೆದು ಒಂದು ಪದ ಗಟ್ಟಿಯಾಗಿ ಓದುವನು. ಒಳಕೋಣೆಯಲ್ಲಿ ಮಲಗಿದಲ್ಲಿಂದಲೇ ಆಕೆ ಎಡಗೈಯಲ್ಲಿ ಮಂಚದ ಪಟ್ಟಿಗೆ ತಾಳ ಹಾಕುವಳು. ದಿನದಲ್ಲಿ ಆಕೆಯ ಮುಖ ಅರಳುವ ಹೊತ್ತು ಅದೊಂದೇ.

ಸಾಲಿಯ ಭಾಮಾ ಟೀಚರ್ ಒಮ್ಮೆ, "ಸರ್, ನಿಮ್ಮ ಬ್ಲಾಗು ನಮ್ಮನ್ಯಾಗ ತೆಗದ್ರ ಬರೇ ಗೀಚಿದಂಗ ಕಾಣ್ತದ್ರಿ" ಎಂದಿದ್ದರು. ಈತನ ಕಂಪ್ಯೂಟರಿನಲ್ಲಿದ್ದ ಹಳೆಯ ಫಾಂಟು ಬೇರೆಯವರಲ್ಲಿ ಇರಲಿಲ್ಲ. ಉಮಾಳ ಹಾಡು ಇಷ್ಟು ದಿನ ಯಾರಿಗೂ ಮುಟ್ಟಿಲ್ಲ! ಎಲ್ಲಿ ತೆರೆದರೂ ಕನ್ನಡ ಚೆನ್ನಾಗಿ ಮೂಡುವ ಹೊಸ ಜಾಗವೊಂದು ಇಂಟರ್ನೆಟ್ಟಿನಲ್ಲಿ ಬಂದಿದೆ ಎಂದು ಅಮೀರ್ ಹೇಳಿದ್ದೇ ತಡ, ಬ್ಲಾಗನ್ನು ಅಲ್ಲಿಗೆ ಸಾಗಿಸುವುದೆಂದು ನಾಗೇಂದ್ರಪ್ಪ ಹಟ ಹಿಡಿದ.

ಇವತ್ತು ಮನೆಗೇ ಬಂದ ಅಮೀರ್ ಪದಗಳನ್ನೆಲ್ಲ ಒಮ್ಮೆಲೇ ಸಾಗಿಸಿ, ಶೀರ್ಷಿಕೆಗಳನ್ನು ಮಾತ್ರ ಹೊಸ ಅಕ್ಷರದಲ್ಲಿ ಕೂತು ಹೊಡೆದಿದ್ದ. ಪರದೆಯ ತುಂಬ ಸಾಲುಗಟ್ಟಿದ ಹೆಸರು ನೋಡಿ ನಾಗೇಂದ್ರಪ್ಪ ಹಿಗ್ಗಿದ. ಒಂದನ್ನಾದರೂ ತೆರೆದು ನೋಡಿದನೇ? ಇಲ್ಲ. ಹೊಸ ಮನೆಯ ಮೊದಲ ಪದ ಉಮಾಳ ಕಿವಿಗೇ ಮೊದಲು ಬೀಳಬೇಕಂತೆ! ಹಳೆಯದನ್ನು ಅಳಿಸಲೇ ಎಂದು ಕಂಪ್ಯೂಟರ್ ಕೇಳಿತು, ಖರೇನೇ ಅಳಿಸಲೇ ಎಂದು ಮತ್ತೊಮ್ಮೆ ಕೇಳಿತು. ಎರಡೂ ಸಲ ತಾನೇ ಒತ್ತಿದ.

ಹಾಲು ಉಕ್ಕಿತು. ಲೋಟಕ್ಕೆ ಸುರಿದು ಅಮೀರನ ಮುಂದಿಟ್ಟು, ಮೊದಲ ಪದ ತೆರೆದ. ಮೇಲೆ ಶೀರ್ಷಿಕೆ ಇತ್ತು. ಕೆಳಗೆ ಬರೇ ಪ್ರಶ್ನೆ ಚಿಹ್ನೆಗಳು. ಮತ್ತೊಂದು ತೆರೆದ, ಅಲ್ಲಿಯೂ ಅವೇ.

"ಯಾ ಅಲ್ಲಾ!" ಅಮೀರ್ ಕುರ್ಚಿ ಎಳೆದುಕೊಂಡ. ಏನೇನೋ ಒತ್ತಿದ, ಹುಡುಕಿದ. ಹೊರಗೆ ಬಿಸಿಲು ಇಳಿಯಿತು. ಕಡೆಗೆ ಕೈ ತೊಡೆಯ ಮೇಲೆ ಇಟ್ಟುಕೊಂಡ. "ಹಳೇ ಅಕ್ಷರ ಈ ಜಾಗಕ್ಕ ಗುರ್ತೇ ಹತ್ತಿಲ್ಲ ಕಾಕಾ. ಎಲ್ಲಾ ಪ್ರಶ್ನೆ ಮಾಡಿ ಇಟ್ಟದ. ಹಳೇದಿದ್ರ ನೋಡ್ಕೋತ ಮತ್ತ ಹೊಡೀತಿದ್ದೆ."

"ಅಳಿಸಿದ್ದು ತಿರುಗಿ ತರಾಕ ಬರಂಗಿಲ್ಲೇನು?" ದನಿ ತಗ್ಗಿಸಿ ಕೇಳಿದ ನಾಗೇಂದ್ರಪ್ಪ.

"ಬರಂಗಿಲ್ರಿ. ನಂದೇ ತಪ್ಪದ. ನಾ ತೆಗದು ನೋಡಬೇಕಿತ್ತು."

"ಒತ್ತಿದಾಂವ ನಾ ಅಲ್ಲೇನಪ್ಪ. ನೀ ಹೋಗು."

ಅಮೀರ್ ಹಾಲು ಮುಟ್ಟದೆ ಎದ್ದುಹೋದ. ಒಳಗಿನಿಂದ ಮಂಚದ ಪಟ್ಟಿ ಟಕ್ ಟಕ್ ಎಂದಿತು. ಉಮಾದೇವಿ ಕರೆಯುತ್ತಿದ್ದಳು. ಪದ ಓದುವ ಹೊತ್ತಾಗಿತ್ತಲ್ಲ.

ನಾಗೇಂದ್ರಪ್ಪ ಪರದೆಯ ಮುಂದೆಯೇ ಕುಳಿತ. ಗಂಟಲು ಸರಿಮಾಡಿಕೊಂಡು, ಓದುವವನ ಹಾಗೆಯೇ ಶುರು ಮಾಡಿದ.

"ಕಾಗಿಣಿ ದಾಟಿ ಬರುವ ಗಾಳಿ ತುಸು ನಿಲ್ಲು,
ತವರೂರ ಒಲಿಯ ಹೊಗಿ ತಂದಿ..."

ಒಳಗೆ ತಾಳ ಬಿತ್ತು. ಮೂರನೆಯ ಸಾಲು ಬರಲೊಲ್ಲದು. ಎಷ್ಟು ಸಂಜೆ ಓದಿದ್ದ! ನೋಡಿ ಓದುವವನಿಗೆ ನೆನಪಿನ ದರಕಾರ ಎಲ್ಲಿತ್ತು? "ಅವ್ವನ ಕೈ ರೊಟ್ಟಿ ಬೆಂದಾವ" ಎಂದು ತಾನೇ ಕಟ್ಟಿ ಹೇಳಿದ. ತಾಳ ನಿಂತಿತು.

ಎದ್ದು ಒಳಗೆ ಹೋದ. ಆಕೆ ಅಲ್ಲವೆಂದು ತಲೆ ಅಲ್ಲಾಡಿಸುತ್ತಿದ್ದಳು. ಇನ್ನೊಂದು ಕಟ್ಟಿದ. ಅದೂ ಅಲ್ಲ. ಈಗ ಅವಳ ತುಟಿಗಳು ಅಲುಗಿದವು. ಸಾಲು ಆಕೆಯ ಹತ್ತಿರ ಪೂರಾ ಇತ್ತು, ಒಂದಕ್ಷರ ಕಡಿಮೆ ಇಲ್ಲದೆ ಇತ್ತು.

"ಆ... ಆ..." ಎಂದಳು.

"ಹೇಳು ಉಮಾ. ನಿಧಾನ ಹೇಳು" ಎಂದ. ಅವನ ಕಣ್ಣಿನಿಂದ ನೀರು ಇಳಿಯುತ್ತಿತ್ತು.

"ಆ..."

ಅವಳ ಎಡಗೈ ಪಟ್ಟಿಯ ಮೇಲೆ ತುಸು ಎತ್ತಿಕೊಂಡೇ ಇತ್ತು, ಸಾಲು ಬಂದ ಕೂಡಲೇ ತಾಳ ಹಾಕಲಿಕ್ಕೆ.